ಇಡೀ ಶಾಲೆಗೆ ಒಂದೇ ಹುಟ್ಟಿದ ದಿನ

ನನ್ನ ನಾಲ್ಕನೇ ತರಗತಿಯ ಹುಡುಗಿಯೊಬ್ಬಳಿಗಾಗಿ ತುಂಬುತ್ತಿದ್ದ ಅರ್ಜಿ ನಮೂನೆಯ ಆರನೇ ಕಲಮಿಗೆ ಬಂದಾಗ ನನ್ನ ಕೈ ನಿಂತುಬಿಟ್ಟಿತು. ಬರುವ ಜೂನ್ ಒಂದನೇ ತಾರೀಖಿಗೆ ಅಭ್ಯರ್ಥಿಗೆ ಹತ್ತು ವರ್ಷ ತುಂಬಿರಬಾರದು, ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿರುವ ಜನ್ಮ ದಿನಾಂಕವನ್ನು ಮುಖ್ಯೋಪಾಧ್ಯಾಯರು ದೃಢೀಕರಿಸಬೇಕು ಎಂದು ಅಲ್ಲಿ ಬರೆದಿತ್ತು. ಮುಖ್ಯೋಪಾಧ್ಯಾಯ ನಾನೇ. ಬೀರು ತೆಗೆದು ರಿಜಿಸ್ಟರು ನೋಡಿದೆ. ಹುಡುಗಿ ಹುಟ್ಟಿದ್ದು ಜೂನ್ ಒಂದು ಎಂದಿತ್ತು. ಎಂದರೆ ಆ ದಿನಕ್ಕೆ ಸರಿಯಾಗಿ ಅವಳಿಗೆ ಹತ್ತು ತುಂಬುತ್ತಿತ್ತು. ಒಂದೇ ಒಂದು ದಿನದ ಲೆಕ್ಕದಲ್ಲಿ ಅವಳು ಹೊರಗೆ ಉಳಿಯುತ್ತಿದ್ದಳು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನದು ಕುಂದಾಣ ಹೋಬಳಿಯ ಒಂದು ಹಳ್ಳಿಯ ಶಾಲೆ. ನಾಲ್ಕನೇ ತರಗತಿಯವರೆಗೆ ಮಾತ್ರ ಇತ್ತು. ಎರಡು ಕೋಣೆ, ಇಬ್ಬರು ಮೇಷ್ಟ್ರುಗಳು. ನಾಲ್ಕು ಮುಗಿಸಿದ ಗಂಡುಹುಡುಗರಲ್ಲಿ ಒಬ್ಬಿಬ್ಬರು ಐದನೇ ತರಗತಿಗೆ ಕುಂದಾಣಕ್ಕೆ ನಡೆದು ಹೋಗುತ್ತಿದ್ದರು. ಹೆಣ್ಣುಮಕ್ಕಳಲ್ಲಿ ಅದುವರೆಗೂ ಒಬ್ಬಳೂ ಹೋಗಿರಲಿಲ್ಲ. ಈ ಹುಡುಗಿಯ ಅಪ್ಪ ವಿಜಯಪುರದಲ್ಲಿ ರೇಷ್ಮೆ ಹುರಿ ಮಾಡುವ ಮಿಷನ್ನಿನ ಕೆಲಸಕ್ಕೆ ಹೋಗುತ್ತಿದ್ದ. ಗೂಡು ಬೇಯಿಸಿ ನೂಲು ತೆಗೆಯುವ ಕಡೆ ಮಗಳಿಗೂ ಒಂದು ಕೆಲಸ ಹೇಳಿಟ್ಟಿದ್ದ. ಕುದಿಯುವ ನೀರಿನಲ್ಲಿ ಎಳೆಯ ತುದಿ ಹಿಡಿಯುವುದಕ್ಕೆ ಎಳೆ ಬೆರಳೇ ಚೆನ್ನ ಎಂದು ಅಲ್ಲಿಯ ಮಾಲೀಕರು ಹೇಳಿದ್ದರಂತೆ. ಅದನ್ನು ಅವನು ಹೆಮ್ಮೆಯಿಂದಲೇ ನನಗೆ ಹೇಳಿದ್ದ. ನನಗೆ ಹೊಟ್ಟೆ ಉರಿದಿತ್ತು.

ಏಕೆಂದರೆ ಆ ಹುಡುಗಿ ಸಾಮಾನ್ಯಳಲ್ಲ. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಉತ್ತರ ಹೇಳಿ, ನಾನು ಎಲ್ಲಿ ತಪ್ಪಬಹುದಿತ್ತು ಎಂಬುದನ್ನೂ ಸೇರಿಸಿ ಹೇಳುವವಳು. ಆ ವರ್ಷ ಬೆಂಗಳೂರಿನ ಒಂದು ದೊಡ್ಡ ವಸತಿ ಶಾಲೆಯವರು ಹಳ್ಳಿಯ ಮಕ್ಕಳಿಗೂ ಪ್ರವೇಶ ಪರೀಕ್ಷೆ ತೆರೆದಿದ್ದರು. ಆಯ್ಕೆಯಾದರೆ ಐದನೇ ತರಗತಿಯಿಂದ ಓದು, ಊಟ, ವಸತಿ ಎಲ್ಲವೂ ಉಚಿತ. ಜಾಗ ಕೆಲವೇ ಕೆಲವು, ಅರ್ಜಿ ಹಾಕುವವರು ರಾಶಿ. ಮಗಳು ಪಾಸಾದರೆ ಕಳಿಸುತ್ತೇನೆ, ಇಲ್ಲದಿದ್ದರೆ ಜೂನ್‌ನಿಂದ ಗೂಡಿನ ಕೆಲಸಕ್ಕೇ ಎಂದು ಅಪ್ಪ ಖಂಡಿತವಾಗಿ ಹೇಳಿದ್ದ. ಅರ್ಜಿ ತಲುಪಿಸಲು ಇಪ್ಪತ್ತೆರಡು ದಿನ ಇತ್ತು.

ಇನ್ನು ಆ ಜೂನ್ ಒಂದು ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು. ಬರೆದವನು ನಾನೇ. ನಾಲ್ಕು ವರ್ಷದ ಹಿಂದೆ ನಾನು ಆ ಊರಿಗೆ ಹೊಸದಾಗಿ ಬಂದಾಗ ಒಬ್ಬನೇ ಮೇಷ್ಟ್ರು. ಮಕ್ಕಳ ಸಂಖ್ಯೆ ಹೆಚ್ಚಿದರೆ ಇನ್ನೊಬ್ಬರನ್ನು ಕೊಡುತ್ತೇವೆಂದು ಇಲಾಖೆಯವರು ಹೇಳಿದ್ದರು. ಮನೆ ಮನೆ ಸುತ್ತಿ ಮಕ್ಕಳನ್ನು ಎಳೆದು ತಂದೆ. ಒಂದನೇ ತರಗತಿಗೆ ಸೇರಲು ಐದು ವರ್ಷ ಹತ್ತು ತಿಂಗಳು ಆಗಿರಬೇಕಿತ್ತು. ಯಾವ ತಾಯಿಗೂ ತಾರೀಖು ಗೊತ್ತಿಲ್ಲ. ಗೊತ್ತಿದ್ದರೂ 'ದೊಡ್ಡ ಮಳೆ ಬಂದ ವರ್ಷ' ಎನ್ನುವಷ್ಟೇ. ಅದಕ್ಕೆ ಎಲ್ಲ ಹಳ್ಳಿ ಮೇಷ್ಟ್ರುಗಳಂತೆ ನಾನೂ ಕಿವಿಯ ಪರೀಕ್ಷೆ ಮಾಡುತ್ತಿದ್ದೆ. ಮಗು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ, ಮುಟ್ಟದಿದ್ದರೆ ಮನೆಗೆ. ಮುಟ್ಟಿದವರಿಗೆಲ್ಲ ಒಂದೇ ತಾರೀಖು, ಜೂನ್ ಒಂದು. ಲೆಕ್ಕಕ್ಕೆ ಅನುಕೂಲ ನೋಡಿ.

ಈ ಹುಡುಗಿಯ ಕೈ ಅಂದು ಕಿವಿಗೆ ಎಟುಕಲಿಲ್ಲ. ಒಂದು ಬೆರಳಿನಷ್ಟು ದೂರ ಉಳಿಯಿತು. ಅವಳು ನನ್ನ ಮುಖ ನೋಡಿದಳು, ತಲೆಯನ್ನು ಬಲಕ್ಕೆ ವಾಲಿಸಿದಳು, ಕಿವಿ ಹಿಡಿದುಕೊಂಡಳು. ನನಗೆ ನಗು ಬಂತು. ನನಗೂ ಒಂದು ತಲೆ ಬೇಕಾಗಿತ್ತು. ಆರು ವರ್ಷ ಎಂದು ಬರೆದೆ. ಆ ತಿಂಗಳೇ ಎರಡನೇ ಮೇಷ್ಟ್ರ ಹುದ್ದೆ ಮಂಜೂರಾಯಿತು.

ಈಗ ಆ ಎರಡನೇ ಮೇಷ್ಟ್ರೇ ನನ್ನ ಎದುರು ಕೂತು, ಬೀರುವಿನಿಂದ ಬ್ಲೇಡು ತೆಗೆದು ಮೇಜಿನ ಮೇಲಿಟ್ಟರು. ಜೂನ್ ಒಂದನ್ನು ಕೆರೆದು ಜುಲೈ ಒಂದು ಮಾಡಿದರೆ ಸಾಕು, ಯಾರ ಅಪ್ಪನ ಗಂಟು ಹೋಗುತ್ತದೆ ಎಂಬುದು ಅವರ ವಾದ. ಅವರು ಕೆಟ್ಟವರಲ್ಲ. ಹುಡುಗಿ ಮೇಲೆ ಅವರಿಗೂ ಪ್ರೀತಿ ಇತ್ತು. ನಾನು ಸತ್ಯಹರಿಶ್ಚಂದ್ರನೇನೂ ಅಲ್ಲ, ಬ್ಲೇಡು ಕೈಗೆ ತೆಗೆದುಕೊಂಡೆ. ಆದರೆ ಒಂದು ಸುಳ್ಳನ್ನು ಕೆರೆದು ಅಲ್ಲಿ ಇನ್ನೊಂದು ಸುಳ್ಳು ಬರೆಯುವುದು ನನಗೆ ಒಗ್ಗಲಿಲ್ಲ. ಅವಳು ನಿಜವಾಗಿ ಚಿಕ್ಕವಳೇ ಅಲ್ಲವೇ? ನಿಜ ನಮ್ಮ ಕಡೆಗೇ ಇರುವಾಗ ಬ್ಲೇಡು ಯಾಕೆ? ಅದನ್ನು ಮತ್ತೆ ಬೀರುವಿಗೆ ಹಾಕಿ, ಮಾರನೇ ದಿನವೇ ದೇವನಹಳ್ಳಿಗೆ ಬಸ್ಸು ಹತ್ತಿದೆ.

ಆಗ ಹಳ್ಳಿಗಳಲ್ಲಿ ಹುಟ್ಟು ಸಾವುಗಳನ್ನು ಪಟೇಲರು ಒಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಅದರ ಪ್ರತಿ ತಾಲ್ಲೂಕು ಕಚೇರಿಗೆ ಹೋಗುತ್ತಿತ್ತು. ಅರ್ಜಿ ಕೊಟ್ಟರೆ ಹುಡುಕಿ, ನಕಲು ಬರೆದು, ಮೊಹರು ಹಾಕಿ ಕೊಡುತ್ತಿದ್ದರು. ಎರಡು ದಿನ ಕಚೇರಿಯ ಬೆಂಚು ಸವೆಸಿದೆ. ಮೂರನೇ ದಿನ ಗುಮಾಸ್ತರು ಧೂಳು ಹಿಡಿದ ಕಟ್ಟು ಬಿಚ್ಚಿ ಎರಡು ವರ್ಷದ ಪುಟಗಳನ್ನು ತಿರುವಿದರು. ನಮ್ಮೂರಿನಲ್ಲಿ ಹುಡುಗಿಯ ಅಪ್ಪನ ಹೆಸರಿಗೆ ಒಂದೂ ಜನನ ಇರಲಿಲ್ಲ. ಪಟೇಲರು ಬರೆಯುವುದನ್ನೇ ಮರೆತಿದ್ದಾರೆ ಎಂದು ತೀರ್ಮಾನಿಸಿ, ದಾರಿಯುದ್ದಕ್ಕೂ ಅವರನ್ನು ಮನಸ್ಸಿನಲ್ಲೇ ಬೈಯುತ್ತಾ ಊರಿಗೆ ಬಂದೆ.

ಹುಡುಗಿಯ ತಾಯಿ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ಇಳಿಸುತ್ತಿದ್ದರು. ವಿಷಯ ಹೇಳಿದೆ.

"ಅವ್ಳು ಇಲ್ಲೆಲ್ಲಿ ಹುಟ್ಟವ್ಳೆ ಮೇಷ್ಟ್ರೇ? ಚೊಚ್ಚಲ ಬಾಣಂತನ ನಮ್ಮವ್ವನ ಮನೇಲಿ ಅಲ್ವಾ? ಸಾಸಲು ಕಡೆ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಕಥೆ. ಮೊದಲ ಹೆರಿಗೆ ತವರಿನಲ್ಲಿ ಎಂಬುದು ಗೊತ್ತಿಲ್ಲದವರು ಯಾರು? ನಾನೂ ಹುಟ್ಟಿದ್ದು ಅಜ್ಜಿಯ ಮನೆಯಲ್ಲೇ. ಮೂರು ದಿನ ಗುಮಾಸ್ತರ ಮುಂದೆ ಕೂರುವ ಬದಲು ಆ ತಾಯಿಯನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಓದಿದವನೆಂಬ ಜಂಭ ಹಾಗೆ ಮಾಡಿಸುತ್ತದೆ. ರಾಗಿ ಕುಯ್ಲಿನ ಸಮಯದಲ್ಲಿ ಹುಟ್ಟಿದವಳು ಎಂದೂ ಅವರೇ ಹೇಳಿದರು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನೀವು ಕೇಳಲಿಲ್ಲವಲ್ಲ ಎಂದರು.

ಭಾನುವಾರ ದೊಡ್ಡಬಳ್ಳಾಪುರಕ್ಕೆ ಹೋಗಿ, ಅಲ್ಲಿಂದ ಸಾಸಲಿನ ಬಸ್ಸು ಹಿಡಿದು, ಉಳಿದ ದಾರಿ ನಡೆದು ಆ ಊರು ಸೇರಿದೆ. ಅಲ್ಲಿಯ ಪಟೇಲರು ವಯಸ್ಸಾದವರು, ಶಿಸ್ತಿನವರು. ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಹುಡುಗಿಯ ತಾತನ ಹೆಸರು ಹೇಳಿದೊಡನೆ ಪುಟ ತೆಗೆದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಅವರು ಒಂದರ ಬದಲು ಎರಡು ಸಾಲು ತೋರಿಸಿದರು.

ಮೇ ತಿಂಗಳಲ್ಲಿ ಒಂದು ಜನನ, ನವೆಂಬರಿನಲ್ಲಿ ಇನ್ನೊಂದು. ಎರಡಕ್ಕೂ ವರದಿ ಕೊಟ್ಟವರು ಅದೇ ತಾತ. ಎರಡೂ ಹೆಣ್ಣು. ಮಗುವಿನ ಹೆಸರಿನ ಕಲಮು ಎರಡರಲ್ಲೂ ಖಾಲಿ, ಏಕೆಂದರೆ ವರದಿ ಕೊಡುವಾಗ ಇನ್ನೂ ನಾಮಕರಣವಾಗಿರುವುದಿಲ್ಲ. ತಂದೆಯ ಹೆಸರಿನ ಜಾಗದಲ್ಲಿ 'ಅಳಿಯ' ಎಂದಷ್ಟೇ ಬರೆದಿತ್ತು. ಪಟೇಲರು ನಕ್ಕು ವಿವರಿಸಿದರು. ಅಕ್ಕ ತಂಗಿಯರಿಗೆ ಒಂದೇ ಚಪ್ಪರದಲ್ಲಿ ಮದುವೆಯಾಗಿತ್ತು. ಇಬ್ಬರೂ ಚೊಚ್ಚಲ ಹೆರಿಗೆಗೆ ಒಂದೇ ವರ್ಷ ತವರಿಗೆ ಬಂದಿದ್ದರು.

ನವೆಂಬರಿನ ಮಗು ನಮ್ಮದಾದರೆ ಅವಳಿಗೆ ಜೂನ್‌ಗೆ ಒಂಬತ್ತೂವರೆ ವರ್ಷ, ಪರೀಕ್ಷೆಗೆ ಕೂರಬಹುದು. ಮೇ ತಿಂಗಳಿನದ್ದಾದರೆ ಹತ್ತು ದಾಟಿದಂತೆ, ಅಲ್ಲಿಗೆ ಕಥೆ ಮುಗಿಯಿತು. ರಾಗಿ ಕುಯ್ಲು ಎಂದರೆ ನವೆಂಬರೇ ಎಂದು ನನಗೂ ಗೊತ್ತು, ಪಟೇಲರಿಗೂ ಗೊತ್ತು. ಆದರೆ ರಾಗಿ ಕುಯ್ಲಿಗೆ ಯಾವ ಸಾಹೇಬರು ರುಜು ಹಾಕುತ್ತಾರೆ? ಜಗಲಿಯ ಮೇಲೆ ಕೂತು ಅವರು ಕೊಟ್ಟ ಮಜ್ಜಿಗೆಯನ್ನು ಕುಡಿಯಲೂ ಮನಸ್ಸಿಲ್ಲದೆ ಲೋಟ ಹಿಡಿದುಕೊಂಡೇ ಇದ್ದೆ. ಎಷ್ಟೋ ಹೊತ್ತಿನ ಮೇಲೆ ಪಟೇಲರೇ, ಮೈಲಿ ಹಾಕಿದವರ ಪುಸ್ತಕ ನೋಡಿದ್ದೀರಾ ಎಂದು ಕೇಳಿದರು.

ಮೈಲಿ ಹಾಕುವವರೆಂದರೆ ಸಿಡುಬಿನ ಲಸಿಕೆ ಹಾಕುವ ಆರೋಗ್ಯ ಇಲಾಖೆಯವರು. ಊರೂರು ತಿರುಗಿ ಕೂಸುಗಳ ತೋಳಿಗೆ ಗೀರು ಹಾಕಿ, ಹೆಸರು ಬರೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಮಗುವಿಗೆ ಹೆಸರಿಟ್ಟಿರುತ್ತಾರಲ್ಲ. ದೊಡ್ಡಬಳ್ಳಾಪುರದಲ್ಲಿ ಆ ಹಳೆಯ ಪುಸ್ತಕಗಳನ್ನು ಹುಡುಕಿಸಲು ಇನ್ನೂ ನಾಲ್ಕು ದಿನ ಹೋಯಿತು. ನನ್ನ ರಜೆಗಳೆಲ್ಲ ಮುಗಿದಿದ್ದವು. ಶಾಲೆಯನ್ನು ಎರಡನೇ ಮೇಷ್ಟ್ರು ಒಬ್ಬರೇ ಎಳೆಯುತ್ತಿದ್ದರು. ಬ್ಲೇಡಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ನಾನು ಬರುವ ಹೊತ್ತಿಗೆ ಹುಡುಗಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದರು.

ಕೊನೆಗೂ ಪುಸ್ತಕ ಸಿಕ್ಕಿತು. ಮರುವರ್ಷದ ಜನವರಿಯ ಒಂದೇ ದಿನ, ಒಂದೇ ಮನೆಯಲ್ಲಿ, ಒಂದರ ಕೆಳಗೊಂದು ಎರಡು ಕೂಸುಗಳು. ಮೊದಲನೆಯದಕ್ಕೆ ಎಂಟು ತಿಂಗಳು. ಎರಡನೆಯದಕ್ಕೆ ಎರಡು ತಿಂಗಳು. ಎರಡನೆಯದರ ಮುಂದೆ ನಮ್ಮ ಹುಡುಗಿಯ ಹೆಸರು, ಅವಳ ಅಪ್ಪನ ಹೆಸರು, ನಮ್ಮೂರಿನ ಹೆಸರು ಎಲ್ಲವೂ ಇತ್ತು. ಆ ಪುಟವನ್ನು ನಾಲ್ಕು ಸಲ ಓದಿದೆ. ಗುಮಾಸ್ತರು, ಏನಪ್ಪಾ, ನಿಮ್ಮ ಮಗಳಾ ಎಂದು ಕೇಳಿದರು. ಹೌದು ಎಂದುಬಿಟ್ಟೆ.

ಪಟೇಲರ ಪುಸ್ತಕದ್ದು, ಮೈಲಿ ಪುಸ್ತಕದ್ದು ಎರಡೂ ನಕಲುಗಳಿಗೆ ಮೊಹರು ಹಾಕಿಸಿಕೊಂಡು ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ ಮುಂದೆ ನಿಂತಾಗ ಉಳಿದಿದ್ದು ಐದು ದಿನ. ರಿಜಿಸ್ಟರು ತಿದ್ದಬೇಕಾದರೆ ಅವರು ಕೆಂಪು ಶಾಯಿಯಲ್ಲಿ ರುಜು ಹಾಕಬೇಕು. ಮೊದಲಿನ ನಮೂದು ಹೇಗೆ ತಪ್ಪಾಯಿತು ಎಂದು ಕಾರಣವನ್ನೂ ಬರೆದಿರಬೇಕು. ಅದಕ್ಕೊಂದು ಸಿದ್ಧ ವಾಕ್ಯ ಇತ್ತು, ಎಲ್ಲರೂ ಅದನ್ನೇ ಬರೆಯುತ್ತಿದ್ದರು. 'ಪೋಷಕರು ತಪ್ಪು ಮಾಹಿತಿ ನೀಡಿದ್ದರಿಂದ.' ಇನ್‌ಸ್ಪೆಕ್ಟರೂ ಅದನ್ನೇ ಬರೆಯಲು ಹೇಳಿ ಕಾಗದ ಮುಂದಿಟ್ಟರು.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎನ್ನುವುದು ಇದನ್ನೇ. ಆ ತಾಯಿ ನನಗೆ ಯಾವ ತಪ್ಪು ಮಾಹಿತಿ ಕೊಟ್ಟಿದ್ದರು? ನಾನು ಕೇಳಿರಲೇ ಇಲ್ಲ. ಲೇಖನಿ ತೆಗೆದುಕೊಂಡು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮಗುವಿನ ಕೈ ಕಿವಿಗೆ ಎಟುಕಲಿಲ್ಲವೆಂದೂ, ಅದು ತಲೆ ವಾಲಿಸಿತೆಂದೂ, ಎರಡನೇ ಶಿಕ್ಷಕರ ಹುದ್ದೆಗೆ ಸಂಖ್ಯೆ ಬೇಕಾಗಿದ್ದರಿಂದ ತಿಳಿದೂ ತಿಳಿದೂ ನಾನೇ ಆರು ವರ್ಷವೆಂದು ಬರೆದೆನೆಂದೂ, ಪೋಷಕರದು ಯಾವ ತಪ್ಪೂ ಇಲ್ಲವೆಂದೂ ಬರೆದು ರುಜು ಹಾಕಿದೆ. ಇನ್‌ಸ್ಪೆಕ್ಟರು ಓದಿ ಕನ್ನಡಕ ತೆಗೆದರು.

"ಏನ್ರೀ ಮೇಷ್ಟ್ರೇ, ಇದನ್ನ ನಾನು ಫೈಲಲ್ಲಿ ಇಟ್ರೆ ನಿಮ್ಗೆ ಮೆಮೋ ಕೊಡ್ಲೇಬೇಕಾಗತ್ತೆ. ನಿಮ್ಮ ಸರ್ವೀಸ್ ಪುಸ್ತಕದಲ್ಲಿ ಬರತ್ತೆ."

"ಬರ್ಲಿ ಸಾರ್. ಅವ್ಳ ತಾರೀಖು ಸರಿಯಾಗ್ಲಿ."

ಧೈರ್ಯದಿಂದ ಹೇಳಿದೆ ಎಂದುಕೊಳ್ಳಬೇಡಿ. ಅವರು ಕನ್ನಡಕ ಮತ್ತೆ ಹಾಕಿಕೊಂಡು ಕೆಂಪು ಶಾಯಿಯ ಲೇಖನಿ ತೆಗೆದರು. ತಿದ್ದುಪಡಿಯ ಆದೇಶಕ್ಕೂ ನನ್ನ ಮೆಮೋಗೂ ಒಟ್ಟಿಗೇ ರುಜು ಹಾಕಿ, ಎರಡನ್ನೂ ನನ್ನ ಕೈಗೇ ಕೊಟ್ಟರು. ನನ್ನ ಹೇಳಿಕೆಯ ಪ್ರತಿಯನ್ನು ಅರ್ಜಿಯ ಜೊತೆ ಲಗತ್ತಿಸಲೇಬೇಕು ಎಂದರು. ಕೊನೆಯ ದಿನಕ್ಕೆ ಎರಡು ದಿನ ಮೊದಲು ನಾನೇ ಬೆಂಗಳೂರಿಗೆ ಹೋಗಿ ಅರ್ಜಿ ಕೊಟ್ಟು ಬಂದೆ.

ಏಪ್ರಿಲ್‌ನಲ್ಲಿ ಪರೀಕ್ಷೆ. ಶಾಲೆಯ ಗೇಟಿನ ಮುಂದೆ ಕಾರುಗಳು ನಿಂತಿದ್ದವು. ಮಕ್ಕಳ ಬೂಟುಗಳು ಮಿರಮಿರ ಮಿಂಚುತ್ತಿದ್ದವು. ಕೆಲವರ ಕೈಯಲ್ಲಿ ಹಳೆಯ ಪ್ರಶ್ನೆಗಳ ಪುಸ್ತಕವಿತ್ತು. ಅಂಥದೊಂದು ಇದೆ ಎಂಬುದೇ ನನಗೆ ಅಂದು ಗೊತ್ತಾಯಿತು. ಆ ಮಕ್ಕಳ ಅರ್ಜಿಗಳ ಜೊತೆ ಆಸ್ಪತ್ರೆಯವರು ಕೊಟ್ಟ ಜನನ ಪತ್ರ ಇರುತ್ತಿತ್ತು. ಆರನೇ ಕಲಮು ತುಂಬಲು ಅವರಿಗೆ ಅರ್ಧ ನಿಮಿಷ ಸಾಕು. ನಮಗೆ ಹದಿನೇಳು ದಿನ ಬೇಕಾಯಿತು. ಓದಿನಲ್ಲಿ ಹಿಂದೆ ಬೀಳುವುದು ಹಾಗಿರಲಿ, ಓಟದ ಗೆರೆಯ ಹತ್ತಿರ ಬರುವುದಕ್ಕೇ ನಮ್ಮ ಮಕ್ಕಳಿಗೆ ಇಷ್ಟು ದೂರ ಇತ್ತು. ಸಿಟ್ಟು ಬಂತು. ಆದರೆ ಹುಡುಗಿ ಆ ಕಾರುಗಳನ್ನು ಎಣಿಸುತ್ತಾ ಖುಷಿಯಾಗಿದ್ದಳು.

ಹೊರಗೆ ಬಂದಾಗ ಲೆಕ್ಕವೆಲ್ಲ ಮಾಡಿದ್ದಾಗಿ ಹೇಳಿದಳು. ಒಂದು ಚಿತ್ರ ಕೊಟ್ಟು ಅದರಲ್ಲಿ ಏನು ತಪ್ಪಿದೆ ಎಂದು ಕೇಳಿದ್ದರಂತೆ. ಮೇಜಿನ ಮೇಲೆ ತಟ್ಟೆ, ಚಮಚ, ಊಟ ಎಲ್ಲ ಇಟ್ಟಿದ್ದ ಚಿತ್ರ.

"ಊಟನ ಮೇಜಿನ್ಮೇಲೆ ಇಟ್ಬಿಟ್ಟಿದ್ರು ಸಾರ್. ಅದೇ ತಪ್ಪು ಅಂತ ಬರ್ದೆ."

ಮೇಜಿನ ಮೇಲೆ ಉಣ್ಣುವವರೂ ಇದ್ದಾರೆ ಎಂದು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಆ ಅಂಕ ಹೋಯಿತು ಎಂದುಕೊಂಡೆ. ಆದರೂ ಲೆಕ್ಕದ ಬಲದ ಮೇಲೆ ಸಂದರ್ಶನದ ಪತ್ರ ಬಂತು.

ಸಂದರ್ಶನದ ದಿನ ಮಕ್ಕಳನ್ನು ಮಾತ್ರ ಒಳಗೆ ಕರೆಯುತ್ತಿದ್ದರು. ನಮ್ಮ ಸರದಿ ಬಂದಾಗ ಜವಾನ, ಮೇಷ್ಟ್ರೂ ಬರಬೇಕಂತೆ ಎಂದ. ನನ್ನ ಹೇಳಿಕೆ ಓದಿದ್ದಾರೆ ಎಂದು ಗೊತ್ತಾಯಿತು. ಒಳಗೆ ಮೂವರು ಕೂತಿದ್ದರು. ನಡುವೆ ಇದ್ದವರು ಆ ಶಾಲೆಯ ಮುಖ್ಯಸ್ಥೆ, ತಲೆಕೂದಲು ಪೂರ್ತಿ ಬೆಳ್ಳಗಾಗಿದ್ದ ಹೆಂಗಸು. ನನ್ನನ್ನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಮಧ್ಯೆ ಬಾಯಿ ಹಾಕಬಾರದು ಎಂದರು. ಆಮೇಲೆ ಹುಡುಗಿಯನ್ನು ಅವಳ ಹುಟ್ಟಿದ ತಾರೀಖು ಕೇಳಿದರು.

"ಯಾವ್ದು ಹೇಳ್ಲಿ ಮೇಡಂ? ಮೊದ್ಲು ಇದ್ದಿದ್ದಾ, ಈಗ ಸಿಕ್ಕಿರೋದಾ?"

ನಾನು ಕಣ್ಣು ಮುಚ್ಚಿಕೊಂಡೆ. ಎರಡು ತಾರೀಖು ಯಾಕೆ ಎಂದು ಅವರು ಕೇಳಿದರು. ಅವಳು ಶುರುವಿನಿಂದ ಹೇಳಿದಳು. ಅಜ್ಜಿ ಮನೆ, ಚಿಕ್ಕಮ್ಮನ ಮಗಳು, ಪಟೇಲರ ಪುಸ್ತಕ, ಮೈಲಿ ಹಾಕಿದವರ ಪುಸ್ತಕ. ಒಂದಾದ ಮೇಲೊಂದು, ಲೆಕ್ಕದ ಹಂತಗಳ ಹಾಗೆ. ನಾನು ನನ್ನ ಹೇಳಿಕೆಯಲ್ಲಿ ಎರಡು ಪುಟ ಬರೆದದ್ದನ್ನು ಅವಳು ಹತ್ತು ವಾಕ್ಯದಲ್ಲಿ ಮುಗಿಸಿದಳು.

"ಕಿವಿ ನಂಗೆ ಸಿಗ್ಲಿಲ್ಲ. ಬೇರೆಯೋರ್ಗೆಲ್ಲ ಸಿಕ್ತು. ಮನೆಗೆ ವಾಪಸ್ ಹೋಗಕ್ಕೆ ಇಷ್ಟ ಇರ್ಲಿಲ್ಲ. ಅದಕ್ಕೆ ಹಿಂಗೆ ವಾಲಿಸ್ಬಿಟ್ಟೆ."

ತೋರಿಸಲೆಂದು ಬಲಗೈಯನ್ನು ತಲೆಯ ಮೇಲೆ ಹಾಯಿಸಿದಳು. ಈಗ ತಲೆ ವಾಲಿಸಬೇಕಾಗಿಯೇ ಇರಲಿಲ್ಲ, ಕಿವಿ ದಾಟಿ ಕೆನ್ನೆಯವರೆಗೆ ಕೈ ಬಂತು. ಅವಳಿಗೇ ಆಶ್ಚರ್ಯವಾಗಿ ನಕ್ಕಳು. ಮುಖ್ಯಸ್ಥೆ ನಗಲಿಲ್ಲ.

"ಹಾಗಾದ್ರೆ ತಪ್ಪು ಯಾರ್ದಮ್ಮ?"

"ಬರ್ದಿದ್ದು ಮೇಷ್ಟ್ರು. ವಾಲಿಸಿದ್ದು ನಾನು. ಅವ್ರು ಅವ್ರದ್ದನ್ನ ಬರ್ಕೊಟ್ಟವ್ರೆ. ನಂದನ್ನ ಈಗ ನಾನು ಹೇಳ್ದೆ."

ಆಗ ಮುಖ್ಯಸ್ಥೆ ನನ್ನ ಕಡೆ ತಿರುಗಿದರು. ಅವರ ಮುಂದೆ ಅರ್ಜಿಗಳ ದೊಡ್ಡ ಕಟ್ಟು ಇತ್ತು. ಅದರ ಮೇಲೆ ಕೈ ಇಟ್ಟು ಹೇಳಿದರು:

"ಬೆಳಿಗ್ಗೆಯಿಂದ ಬ್ಲೇಡಲ್ಲಿ ಕೆರೆದ ತಾರೀಖುಗಳನ್ನ ನೋಡಿ ನೋಡಿ ಸಾಕಾಗಿದೆ ಮೇಷ್ಟ್ರೇ. ಅವನ್ನೆಲ್ಲ ಪಕ್ಕಕ್ಕಿಟ್ಟಿದೀನಿ."

ನಮ್ಮ ಬೀರುವಿನ ಬ್ಲೇಡು ನೆನಪಾಯಿತು. ಅವರು ಹುಡುಗಿಗೆ ಇನ್ನೊಂದೇ ಪ್ರಶ್ನೆ ಕೇಳಿದರು. ಮೇಜಿನ ಮೇಲೆ ಊಟ ಇಡುವುದು ಯಾಕೆ ತಪ್ಪು? ಕೂತವರ ಕಾಲಿನ ಮಟ್ಟಕ್ಕಿಂತ ಊಟ ಮೇಲಿದ್ದರೆ ಒಳ್ಳೆಯದೇ, ಆದರೆ ಚಿಕ್ಕ ಮಕ್ಕಳಿಗೆ ಎಟುಕುವುದಿಲ್ಲವಲ್ಲ ಎಂದಳು. ಎಟುಕದಿರುವುದರ ಬಗ್ಗೆ ಅವಳಿಗೆ ಗೊತ್ತಿದ್ದಷ್ಟು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ಸಲ ಮೂವರೂ ನಕ್ಕರು.

ಮೇ ತಿಂಗಳ ಕೊನೆಗೆ ಅಂಚೆಯಲ್ಲಿ ಪಟ್ಟಿ ಬಂತು. ನಾಲ್ಕನೇ ಹೆಸರು ಅವಳದು. ಅವಳ ಅಪ್ಪ ಆ ದಿನ ಕೆಲಸ ಬಿಟ್ಟು ಬಂದು, ಓದಲು ಬಾರದಿದ್ದರೂ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಿಂತ. ಗೂಡಿನ ಕೆಲಸಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ತಾನೇ ಮಾಲೀಕರಿಗೆ ಹೇಳಿ ಬರುತ್ತೇನೆಂದ. ಎರಡನೇ ಮೇಷ್ಟ್ರು ಊರಿಗೆಲ್ಲ ಕೇಳುವ ಹಾಗೆ ಶಾಲೆಯ ಗಂಟೆ ಬಾರಿಸಿದರು. ರಜೆಯ ದಿನ ಗಂಟೆ ಬಾರಿಸಬಾರದೆಂದು ನೆನಪಿಸುವ ಗೋಜಿಗೆ ನಾನು ಹೋಗಲಿಲ್ಲ.

ಗಂಟೆ ಕೇಳಿ ಮಕ್ಕಳೆಲ್ಲ ಬಂದರು. ಅವರ ಮುಂದೆಯೇ ಕೂತು ಅವಳ ವರ್ಗಾವಣೆ ಪತ್ರ ಬರೆದೆ. ಜನ್ಮ ದಿನಾಂಕವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಗಟ್ಟಿಯಾಗಿ ಓದು ಎಂದು ಅವಳ ಕೈಗೆ ಕೊಟ್ಟೆ. ಓದಿದಳು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು.

"ಸಾರ್, ನಂದು ಯಾವತ್ತು?"

ಇನ್ನೊಬ್ಬ ಎದ್ದ. ಮತ್ತೊಬ್ಬಳು. ನಂದು ಸಾರ್, ನಂದು ಸಾರ್ ಎಂದು ಇಡೀ ಶಾಲೆಯೇ ಎದ್ದು ನಿಂತಿತು. ಎಲ್ಲರೂ ಜೂನ್ ಒಂದನೇ ತಾರೀಖಿನವರೇ. ನಾನೇ ಹುಟ್ಟಿಸಿದವರು.

ಆ ಬೇಸಿಗೆಯ ಉಳಿದ ದಿನಗಳು ಮತ್ತು ಮುಂದಿನ ವರ್ಷದ ಅನೇಕ ಭಾನುವಾರಗಳು ಪಟೇಲರುಗಳ ಜಗಲಿಯ ಮೇಲೆ ಕಳೆದವು. ಈ ಸಲ ಮೊದಲು ತಾಯಂದಿರನ್ನು ಕೇಳಿ, ಆಮೇಲೆ ಬಸ್ಸು ಹತ್ತುತ್ತಿದ್ದೆ. ಇನ್‌ಸ್ಪೆಕ್ಟರು ನನ್ನನ್ನು ಕಂಡ ಕೂಡಲೇ ಮಾತಾಡದೆ ಕೆಂಪು ಶಾಯಿಯ ಕುಡಿಕೆಯನ್ನು ಹತ್ತಿರ ಎಳೆದುಕೊಳ್ಳುತ್ತಿದ್ದರು. ಎರಡನೇ ಮೆಮೋ ಮಾತ್ರ ಕೊಡಲಿಲ್ಲ. ಮರುವರ್ಷ ಅದೇ ವಸತಿ ಶಾಲೆಗೆ ನಮ್ಮೂರಿನಿಂದ ಮೂವರು ಅರ್ಜಿ ಹಾಕಿದರು, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು. ಆರನೇ ಕಲಮನ್ನು ಮೂರು ಸಲ ತುಂಬಿದೆ. ಮೂರು ಬೇರೆ ಬೇರೆ ತಾರೀಖು.